ಮೈಕಕ್ಕನ ಪೀಠಿಕೆ

ಪರೀಕ್ಷಾ ಮಂಡಳಿಯವರು ಮೈಕಕ್ಕನಿಗೆ ಮೂರು ಅಂಕ ಬಾಕಿ ಉಳಿಸಿಕೊಂಡಿದ್ದಾರೆ. ಮಕ್ಕಳು ಕೂರುವ ಬೆಂಚಿನೊಳಗೆ ಐವತ್ತು ದಾಟಿದ ಮಂಡಿಗಳನ್ನು ತುರುಕಿ, ಪಕ್ಕದ ಹುಡುಗಿ "ಆಂಟಿ, ನೀವು ಮೇಲ್ವಿಚಾರಕರಾ?" ಎಂದು ಕೇಳಿದ್ದನ್ನೂ ನುಂಗಿಕೊಂಡು, ಹೆಬ್ಬೆರಳು ಜೋಮು ಹಿಡಿಯುವವರೆಗೆ ಬರೆದದ್ದಕ್ಕೆ ಸಲ್ಲಬೇಕಾದ ಕೂಲಿ ಅದು. ಕೇಳಲು ಹೋದರೆ ನಿಯಮ ಓದಿ ಹೇಳುತ್ತಾರೆ.

ಮೈಕಕ್ಕ ದೊಡ್ಡಾಸ್ಪತ್ರೆಯ ಲಾಂಡ್ರಿಯವಳು. ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ, ಹೆಣದ ಕೋಣೆಯ ಪಕ್ಕದ ಬಾಗಿಲು. ಒಳಗೆ ಎರಡು ಒಗೆಯುವ ಯಂತ್ರ. ಅದರಲ್ಲೊಂದು ಬಟ್ಟೆ ಹಿಂಡುವಾಗ ಜಾಗ ಬಿಟ್ಟು ಕುಣಿಯುತ್ತ ಬಾಗಿಲವರೆಗೂ ಬಂದುಬಿಡುತ್ತದೆ, ಯಾರಾದರೂ ಸೊಂಟ ಕೊಟ್ಟು ಒತ್ತಿ ನಿಲ್ಲಲೇಬೇಕು. ಗೋಡೆಯುದ್ದಕ್ಕೂ ವಾರ್ಡಿಗೊಂದು ಬಣ್ಣದ ಪಟ್ಟಿ ಕಟ್ಟಿದ ಗಂಟುಗಳು. ಗಂಟು ಬಿಚ್ಚಿದರೆ ಚಾದರದ ಜೊತೆ ಏನು ಬೇಕಾದರೂ ಬರಬಹುದು: ಥರ್ಮಾಮೀಟರು, ಮುರಿದ ಸೂಜಿ, ಒಮ್ಮೆ ಯಾರದೋ ಪೂರಾ ಹಲ್ಲಿನ ಸೆಟ್ಟು. ಈ ಯಂತ್ರಗಳ ಗಲಾಟೆಯ ಮೇಲೆ ಮಾತಾಡಿ ಮಾತಾಡಿ ಆಕೆಯ ಗಂಟಲು ಕಹಳೆಯಾಗಿದೆ. ಒಂದು ಮುಷ್ಕರದ ದಿನ ಗೇಟಿನ ಮುಂದೆ ಭಾಷಣ ಮಾಡುವಾಗ ಮೈಕು ಕೆಟ್ಟಿತ್ತು. ಅದು ಕೆಟ್ಟಿದ್ದು ಕೇಳುತ್ತಿದ್ದವರಿಗೂ ಗೊತ್ತಾಗಲಿಲ್ಲ, ಆಕೆಗೂ ಗೊತ್ತಾಗಲಿಲ್ಲ. ಅಂದಿನಿಂದ ಆಕೆ ಮೈಕಕ್ಕ.

ಲಾಂಡ್ರಿಯ ಮೇಲ್ವಿಚಾರಕ ನಿವೃತ್ತನಾದ. ಅವನು ಇದ್ದಷ್ಟು ಕಾಲ ಮಾಡಿದ್ದು ಒಂದೇ ಕೆಲಸ, ನಿದ್ದೆ. ಸ್ಟೋರಿನಿಂದ ಸಾಮಾನು ತರಿಸಬೇಕಾದರೆ ಇಂಡೆಂಟ್ ಚೀಟಿಗೆ ಮೇಲ್ವಿಚಾರಕ ಸಹಿ ಹಾಕಬೇಕು. ಕೈಗವಸಿನ ಚೀಟಿಗೆ ಅವನು ಸಹಿ ಹಾಕಿದ್ದೇ ಇಲ್ಲ. "ಗ್ಲೌಸ್ ಹಾಕ್ಕೊಂಡ್ರೆ ಕೆಲಸ ನಿಧಾನ ಆಗುತ್ತಮ್ಮ" ಎನ್ನುತ್ತಿದ್ದ, ಕಣ್ಣು ಬಿಡದೆ. ಹಾಗಾಗಿ ಲಾಂಡ್ರಿಯ ಹೆಂಗಸರೆಲ್ಲರ ಬೆರಳೂ ಬ್ಲೀಚಿಂಗ್ ನೀರಿಗೆ ಬಿರಿದು ಬಾಯಿ ಬಿಟ್ಟಿದ್ದವು. ಮೈಕಕ್ಕನಿಗೆ ಆ ಕುರ್ಚಿ ಬೇಕಾಗಿದ್ದು ಆ ಸಹಿಗಾಗಿ. ಸಂಬಳ ಹೆಚ್ಚಾಗುತ್ತಿತ್ತು, ನಿಜ. ಆಕೆ ಅದನ್ನೂ ಬೇಡ ಎನ್ನುವವಳಲ್ಲ.

ಆಡಳಿತಾಧಿಕಾರಿ ನಿಯಮದ ಪುಸ್ತಕ ತೆಗೆದ. ಮೇಲ್ವಿಚಾರಕರು ಹತ್ತನೇ ತರಗತಿ ಪಾಸಾಗಿರಬೇಕು. ಮೈಕಕ್ಕ ಹತ್ತನೇ ತರಗತಿ ಓದಿದ್ದಳು, ಗಣಿತ ಪಾಸು, ವಿಜ್ಞಾನ ಪಾಸು, ಒಂದರಲ್ಲಿ ಮಾತ್ರ ಡುಮ್ಕಿ. ತಾಯ್ನುಡಿಯಲ್ಲಿ. ಯಾವ ನುಡಿಯಲ್ಲಿ ಇಡೀ ಆಸ್ಪತ್ರೆಗೆ ಮಂಗಳಾರತಿ ಎತ್ತುತ್ತಾಳೋ ಅದೇ ನುಡಿಯಲ್ಲಿ.

"ಅದೊಂದು ಪಾಸ್ ಮಾಡ್ಕೊಂಡು ಬಾಮ್ಮ, ಕುರ್ಚಿ ಹಾಗೇ ಇಟ್ಟಿರ್ತೀನಿ" ಎಂದ ಅಧಿಕಾರಿ. ಇಟ್ಟಿರುತ್ತೇನೆ ಎಂದಿದ್ದು ಆಕೆ ಪಾಸಾಗುವುದಿಲ್ಲ ಎಂಬ ಧೈರ್ಯದ ಮೇಲೆ. ಸ್ಟೋರಿನ ಗುಮಾಸ್ತ ಆ ಕುರ್ಚಿಗೆ ಆಗಲೇ ಹೊಸ ದಿಂಬು ನೋಡಿಟ್ಟಿದ್ದ. ಗುಮಾಸ್ತನಿಗೆ ಒದ್ದೆ ಚಾದರಕ್ಕೂ ಒಣ ಚಾದರಕ್ಕೂ ವ್ಯತ್ಯಾಸ ಗೊತ್ತಿಲ್ಲ. ಹತ್ತನೇ ತರಗತಿ ಪಾಸಾಗಿದ್ದ.

ಕಲಿಸಲು ಮನೆಯವರಲ್ಲೇ ಮೇಷ್ಟ್ರು ಇದ್ದರು. ಮೈಕಕ್ಕನ ನಾದಿನಿ ಟ್ಯುಟೋರಿಯಲ್ಲಿನಲ್ಲಿ ಭಾಷೆ ಕಲಿಸುವವಳು. ಅತ್ತಿಗೆಯ ಬಾಯಿಗೆ ಎದುರಾಡಲಾಗದೆ ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡಿದ್ದವಳಿಗೆ ಈಗ ಕೈಗೆ ಸ್ಕೇಲು ಸಿಕ್ಕಿತು. ಸಂಜೆ ಹೊತ್ತು ಬರುತ್ತಿದ್ದಳು. ಮನೆಯ ಕಿಟಕಿ ಪಕ್ಕದ ಬೆಂಚು ಮೈಕಕ್ಕನ ಗಂಡನದು. ಆತ ಗಡಿಯಾರ ರಿಪೇರಿಯವ, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಇನ್ನೊಂದು ಕಣ್ಣಲ್ಲಿ ಪಾಠ ನೋಡುತ್ತಿದ್ದ.

"ಉಪಮೆ ಅಂದ್ರೆ ಹೋಲಿಕೆ. ಒಂದು ಉದಾಹರಣೆ ಹೇಳಿ ಅತ್ತಿಗೆ."

"ಆ ಅಧಿಕಾರಿ ಮುಖ ನೆನೆದ ದಿಂಬಿನ ಥರ ಊದ್ಕೊಂಡಿದೆ."

ನಾದಿನಿ ಒಂದು ಕ್ಷಣ ಯೋಚಿಸಿದಳು. ತಪ್ಪು ಹುಡುಕಿದಳು, ಸಿಗಲಿಲ್ಲ. "ಸರಿ. ಮುಖ ಉಪಮೇಯ. ದಿಂಬು ಉಪಮಾನ. ‘ಥರ’ ಅನ್ನೋದು ವಾಚಕ ಪದ. ಊದ್ಕೊಂಡಿರೋದು ಸಮಾನಧರ್ಮ."

"ಅವನಿಗೂ ದಿಂಬಿಗೂ ಧರ್ಮ ಬೇರೆ ಇದೆಯಾ?"

"ಸುಮ್ನೆ ಕೇಳಿ. ಈಗ ‘ಥರ’ ತೆಗೆದುಬಿಡಿ. ‘ಅವನ ಮುಖವೇ ದಿಂಬು.’ ಇದು ರೂಪಕ."

"ಅಷ್ಟೇನಾ? ಥರ ಇದ್ರೆ ಉಪಮೆ, ತೆಗೆದ್ರೆ ರೂಪಕ?"

"ಅಷ್ಟೇ."

"ಥರ ಇದ್ರೆ ಬೈಗುಳ, ತೆಗೆದ್ರೆ ಮಾನನಷ್ಟ ಅನ್ನು. ಹಾಗೆ ಹೇಳಿಕೊಟ್ಟಿದ್ರೆ ಅವತ್ತೇ ಪಾಸಾಗ್ತಿದ್ದೆ."

ಪ್ರಾಸದ ದಿನ ಜಗಳವೇ ಆಯಿತು. ‘ಗ್ಲೌಸು ಕೊಡಿ, ಇಲ್ಲ ಕುರ್ಚಿ ಬಿಡಿ’ ಎಂದು ತಾನೇ ಕಟ್ಟಿದ ಘೋಷಣೆಯನ್ನು ಮೈಕಕ್ಕ ಹೆಮ್ಮೆಯಿಂದ ಒಪ್ಪಿಸಿದಳು. ಪ್ರಾಸ ಸಾಲಿನ ಕೊನೆಯಲ್ಲಿ ಬಂದದ್ದರಿಂದ ಅದು ಅಂತ್ಯಪ್ರಾಸ ಎಂದಳು ನಾದಿನಿ. ಹಾಗಾದರೆ ಆದಿಪ್ರಾಸ ಸಾಲಿನ ಮೊದಲ ಅಕ್ಷರದಲ್ಲಿ ಇರಬೇಕಲ್ಲ?

"ಇಲ್ಲ ಅತ್ತಿಗೆ. ಎರಡನೇ ಅಕ್ಷರದಲ್ಲಿ."

"ಆದಿ ಅಂದ್ರೆ ಮೊದಲು ತಾನೆ?"

"ಹೌದು."

"ಹೆಸರು ಮೊದಲನೇದು, ಇರೋದು ಎರಡನೇದು. ಇದು ಆಡಳಿತದೋರೇ ಮಾಡಿದ ನಿಯಮ ಇರಬೇಕು."

"ಹಳೇ ಕಾಲದ ಪಂಡಿತರು ಮಾಡಿದ್ದು!"

"ಅವರಿಗೂ ಯಾವುದೋ ಆಫೀಸಲ್ಲಿ ಸಂಬಳ ಬರ್ತಿತ್ತು ಬಿಡು."

ಧ್ವನಿ ಎಂದರೆ ಹೇಳದೆಯೇ ಹೊಳೆಯಿಸುವುದು ಎಂದು ನಾದಿನಿ ವಿವರಿಸಿದಾಗ ಮೈಕಕ್ಕ ಪೆನ್ನು ಕೆಳಗಿಟ್ಟಳು. "ಹೇಳದೇ ಹೇಳೋದಾ? ನನ್ನ ಕೈಲಿ ಆಗಲ್ಲ, ಈ ಪ್ರಶ್ನೆ ಬಿಟ್ಬಿಡ್ತೀನಿ."

"ಅದು ಈ ಮನೇಲಿ ನನ್ನ ಇಲಾಖೆ" ಎಂದ ಗಂಡ, ಗಡಿಯಾರದಿಂದ ತಲೆ ಎತ್ತದೆ.

ಕಲಿತದ್ದನ್ನು ಕೆಲಸದ ಜಾಗಕ್ಕೆ ಒಯ್ದಿದ್ದರಿಂದ ಒಂದು ಅನಾಹುತವೂ ಆಯಿತು. ಗೇಟಿನ ಸಭೆಯಲ್ಲಿ ಮೈಕಕ್ಕ ‘ನಮ್ಮ ಅಧಿಕಾರಿ ಕುರ್ಚಿಗೆ ಅಂಟಿದ ಚೂಯಿಂಗ್ ಗಮ್’ ಎಂದಿದ್ದಳು. ಅವನ ಕಿವಿಗೆ ಬಿತ್ತು. ‘ಉತ್ಪ್ರೇಕ್ಷೆಯ ಮಾತುಗಳನ್ನಾಡಿದ್ದಕ್ಕೆ ಕಾರಣ ಕೇಳಿ’ ನೋಟಿಸು ಬಂತು. ಮೈಕಕ್ಕನಿಗೆ ರೇಗಿತು. ಉತ್ಪ್ರೇಕ್ಷೆ ಹಿಂದಿನ ವಾರವಷ್ಟೇ ಪಾಠವಾಗಿತ್ತು: ಒಂದು ವಸ್ತುವನ್ನು ನೋಡಿ ‘ಇನ್ನೊಂದೇ ಏನೋ ಎಂಬಂತೆ’ ಕಲ್ಪಿಸುವುದು. ಇವಳು ಎಲ್ಲಿ ಕಲ್ಪಿಸಿದ್ದಳು? ಕಂಡದ್ದನ್ನು ಹೇಳಿದ್ದಳು. ಉತ್ತರ ಬರೆದಳು: ‘ಸದರಿ ವಾಕ್ಯದಲ್ಲಿ ಎಂಬಂತೆ, ಥರ, ಹಾಗೆ ಮುಂತಾದ ಪದಗಳಿಲ್ಲದ ಕಾರಣ ಇದು ಉತ್ಪ್ರೇಕ್ಷೆಯಲ್ಲ, ಉಪಮೆಯೂ ಅಲ್ಲ. ಇದು ರೂಪಕ.’

ಅಧಿಕಾರಿ ಕರೆಸಿದ. "ಏನಮ್ಮ ಇದು, ರೂಪಕ ಅಂದ್ರೆ?"

"ಅಂದ್ರೆ ನೀವು ಚೂಯಿಂಗ್ ಗಮ್ ಥರ ಅಲ್ಲ ಸಾರ್" ಎಂದಳು ಮೈಕಕ್ಕ, ಪಾಠ ಒಪ್ಪಿಸುವ ಶ್ರದ್ಧೆಯಿಂದ. "ನೀವೇ ಚೂಯಿಂಗ್ ಗಮ್."

ಎರಡನೇ ನೋಟಿಸು ಅಂದೇ ಬಂತು. "ಉಪಮೆ ಅಂತ ಬರೆದಿದ್ರೆ ಬಚಾವಾಗ್ತಿದ್ರಿ" ಎಂದು ನಾದಿನಿ ತಲೆ ಚಚ್ಚಿಕೊಂಡಳು. "ತಪ್ಪು ಉತ್ತರ ಬರೆಯೋದಾ?" ಎಂದಳು ಮೈಕಕ್ಕ.

ಇಷ್ಟೆಲ್ಲ ದಾಟಿದವಳು ಎಡವಿ ಬಿದ್ದದ್ದು ಪೀಠಿಕೆಯಲ್ಲಿ.

ಪ್ರಬಂಧಕ್ಕೆ ಮೂರು ಭಾಗ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. "ಸಂಹಾರ ಗೊತ್ತು. ಉಪಸಂಹಾರ ಅಂದ್ರೆ ಅರ್ಧ ಕೊಂದು ಬಿಡೋದಾ?" ಎಂದು ಮೈಕಕ್ಕ ಕೇಳಿದ್ದಕ್ಕೆ, ಮುಗಿಸುವ ಮಾತು ಎಂದು ನಾದಿನಿ ತಿಳಿಹೇಳಿದಳು. ಅದನ್ನು ಹೇಗೋ ಒಪ್ಪಿಕೊಂಡಳು. ಪೀಠಿಕೆಯನ್ನು ಮಾತ್ರ ಒಪ್ಪಲಿಲ್ಲ. ಆಕೆಯ ಬದುಕಿನಲ್ಲಿ ಪೀಠಿಕೆ ಹಾಕಿದವರೆಲ್ಲ ಮೋಸಗಾರರೇ. ಕೈಸಾಲ ಕೇಳಲು ಬಂದವನು ಪೀಠಿಕೆ ಹಾಕುತ್ತಾನೆ. ತೂತು ಬಿದ್ದ ಪಾತ್ರೆ ಮಾರುವವನು ಹಾಕುತ್ತಾನೆ. ಮಾತುಕತೆಗೆ ಕರೆದ ಆಡಳಿತದವರು ‘ನಾವೆಲ್ಲ ಒಂದೇ ಕುಟುಂಬ’ ಎಂದು ಶುರು ಮಾಡಿದರೆ, ಆ ಸಲ ಬೋನಸ್ಸು ಇಲ್ಲ ಎಂದೇ ಅರ್ಥ. ಅಂಥ ಹೊತ್ತಲ್ಲಿ ಮೇಜು ಗುದ್ದಿ "ಪೀಠಿಕೆ ಬೇಡ, ವಿಷಯಕ್ಕೆ ಬನ್ನಿ" ಎನ್ನುವುದೇ ಆಕೆಯ ಕೆಲಸವಾಗಿತ್ತು. ಆಸ್ಪತ್ರೆಯ ನೌಕರರ ಸಂಘದ ಮನವಿಗಳನ್ನೆಲ್ಲ ಬರೆದ ಕೈ ಅದು. ಮೊದಲ ಸಾಲಲ್ಲಿ ಬೇಡಿಕೆ, ಕೊನೆಯ ಸಾಲಲ್ಲಿ ಬೆದರಿಕೆ, ನಡುವೆ ನಾಲ್ಕು ಮಾತು.

ಆದ್ದರಿಂದ ‘ಗ್ರಂಥಾಲಯದ ಮಹತ್ವ’ ಎಂಬ ಪ್ರಬಂಧವನ್ನು ಆಕೆ ಬರೆದದ್ದು ಹೀಗೆ: ‘ಗ್ರಂಥಾಲಯದ ಬೀಗ ತೆಗೆಯಿರಿ. ಒಳಗೆ ಫ್ಯಾನು ಹಾಕಿಸಿ. ತಪ್ಪಿದಲ್ಲಿ ಬಾಗಿಲ ಮುಂದೆ ಧರಣಿ ಕೂರುತ್ತೇವೆ.’

"ಇದು ಪ್ರಬಂಧವಾ?" ನಾದಿನಿ ಕಿರುಚಿದಳು. "ಗ್ರಂಥಾಲಯ ಅಂದ್ರೇನು, ಎಲ್ಲಿಂದ ಬಂತು, ಮನುಷ್ಯನಿಗೆ ಯಾಕೆ ಬೇಕು, ಏನೂ ಇಲ್ಲ!"

"ಬೀಗ ತೆಗೆದ್ರೆ ತಾನೆ ಯಾಕೆ ಬೇಕು ಅಂತ ಗೊತ್ತಾಗೋದು?"

ನಾದಿನಿ ಕೊನೆಗೆ ಟ್ಯುಟೋರಿಯಲ್ಲಿನ ಬ್ರಹ್ಮಾಸ್ತ್ರ ತೆಗೆದಳು. ‘ಅನಾದಿ ಕಾಲದಿಂದಲೂ ಮಾನವನು’ ಎಂದು ಶುರು ಮಾಡಬೇಕು, ‘ಒಟ್ಟಿನಲ್ಲಿ ಹೇಳುವುದಾದರೆ’ ಎಂದು ಮುಗಿಸಬೇಕು. ಯಾವ ವಿಷಯ ಕೊಟ್ಟರೂ ಇವೆರಡು ಬದಲಾಗುವಂತಿಲ್ಲ.

"ಯಾವ ಮಾನವ? ನೀನು ನೋಡಿದ್ಯಾ ಅವನನ್ನ?"

"ನೋಡ್ಬೇಕಾಗಿಲ್ಲ. ಬರೀಬೇಕು. ಎಲ್ಲಾ ಉತ್ತರಕ್ಕೂ ಪೀಠಿಕೆ ಹಾಕಿ ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ."

ಮೈಕಕ್ಕ ಬಾಯಿಪಾಠ ಮಾಡಿದಳು. ಬರಬರುತ್ತ ಅದರ ಮರ್ಮವೂ ತಿಳಿಯಿತು. ಆಸ್ಪತ್ರೆಯ ಚಾದರ ಇದ್ದ ಹಾಗೆ ಅದು, ಯಾವ ಮಂಚಕ್ಕೂ ಹಾಸಬಹುದು. ಮರಗಳಿಗೂ ಹಾಸಿದಳು, ಸಮಯಪಾಲನೆಗೂ ಹಾಸಿದಳು, ಕ್ರೀಡೆಗೂ ಹಾಸಿದಳು. ಕುಣಿಯುವ ಯಂತ್ರಕ್ಕೆ ಸೊಂಟ ಕೊಟ್ಟು ನಿಂತು "ಅನಾದಿ ಕಾಲದಿಂದಲೂ ಮಾನವನು" ಎಂದು ಆಕೆ ಕೂಗುತ್ತಿದ್ದರೆ, ಆ ಕಡೆಯಿಂದ ಇಸ್ತ್ರಿಯವಳು "ಬಟ್ಟೆ ಕೊಳೆ ಮಾಡ್ತಾನೇ ಬಂದಿದ್ದಾನೆ ಕಣಕ್ಕಾ!" ಎಂದು ಸೇರಿಸುತ್ತಿದ್ದಳು.

ಪರೀಕ್ಷೆಯ ದಿನ ಬಂತು. ಪ್ರಬಂಧದ ವಿಷಯ ನೋಡಿದರೆ ‘ಸ್ವಚ್ಛತೆಯ ಮಹತ್ವ’. ಬೇರೆ ಯಾರಿಗಾದರೂ ಇದು ಹಬ್ಬ. ಮೈಕಕ್ಕನಿಗೆ ಮಾತ್ರ ಸಿಟ್ಟು ಉಕ್ಕಿ ಬಂತು. ಸ್ವಚ್ಛತೆಯ ಮಹತ್ವವನ್ನು ಈಕೆಯನ್ನು ಕೇಳುತ್ತಿದ್ದಾರೆ, ಈ ಬಿರಿದ ಬೆರಳುಗಳನ್ನು! ಅನಾದಿ ಕಾಲ, ಮಾನವ, ಎಲ್ಲ ಗಾಳಿಗೆ ಹಾರಿತು. ಒಂದೇ ಉಸಿರಿಗೆ ಬರೆದಳು:

‘ಆಸ್ಪತ್ರೆಯ ಲಾಂಡ್ರಿಗೆ ಕೈಗವಸು ಕೊಡಿ. ರಕ್ತದ ಚಾದರ, ಕೀವಿನ ಬಟ್ಟೆ, ವಾಂತಿಯ ದಿಂಬು ಎಲ್ಲವನ್ನೂ ನಾವು ಬರಿಗೈಯಲ್ಲಿ ಬೇರ್ಪಡಿಸುತ್ತೇವೆ. ವೈದ್ಯರು ಮೊಣಕೈವರೆಗೂ ತೊಳೆದುಕೊಂಡು ಬಂದು ನಾವು ಒಗೆದ ನಿಲುವಂಗಿ ತೊಡುತ್ತಾರೆ. ಒಗೆದವರ ಕೈಯನ್ನು ಈವರೆಗೆ ಯಾರೂ ನೋಡಿಲ್ಲ. ಸ್ವಚ್ಛತೆಗೆ ಮಹತ್ವ ಇರುವುದು ನಿಜವಾದರೆ ಇದನ್ನು ಮೊದಲು ಮಾಡಿ. ತಪ್ಪಿದಲ್ಲಿ ಕೊಳಕು ಗಂಟುಗಳನ್ನು ಆಡಳಿತ ಕಚೇರಿಯ ಮೇಜಿನ ಮೇಲೆ ಬಿಚ್ಚಲಾಗುವುದು.’

ಚುಕ್ಕಿ ಇಟ್ಟ ಮೇಲೆ ನೆನಪಾಯಿತು. ಪೀಠಿಕೆ! ನಾದಿನಿ ಕಾಲಿಗೆ ಬಿದ್ದು ಹೇಳಿದ್ದಳು! ಮೊದಲ ಸಾಲಿನ ಮೇಲೆ ಜಾಗ ಉಳಿದಿರಲಿಲ್ಲ. ಇನ್ನೊಂದು ಉತ್ತರವನ್ನಾದರೂ ಕೆಡಿಸಬಾರದು ಎಂದು ಗಟ್ಟಿ ಮನಸ್ಸು ಮಾಡಿ ಮುಂದಿನ ಪ್ರಶ್ನೆಗೆ ಹೋದಳು. ಅದು ಪತ್ರಲೇಖನ: ನಿಮ್ಮ ಬೀದಿಗೆ ದೀಪ ಹಾಕಿಸುವಂತೆ ಪುರಸಭೆಯ ಅಧಿಕಾರಿಗೆ ಪತ್ರ ಬರೆಯಿರಿ.

ಮನವಿ ಬರೆಯುವುದು ಆಕೆಗೆ ನೀರು ಕುಡಿದಷ್ಟು ಸಲೀಸು. ಆದರೆ ಆಗ ತಲೆಯಲ್ಲಿ ಇದ್ದದ್ದು ಒಂದೇ.

‘ಮಾನ್ಯರೇ, ಅನಾದಿ ಕಾಲದಿಂದಲೂ ಮಾನವನು ಬೆಳಕನ್ನು ಅರಸುತ್ತ ಬಂದಿದ್ದಾನೆ. ಗುಹೆಯಲ್ಲಿದ್ದಾಗ ಕಲ್ಲಿಗೆ ಕಲ್ಲು ಉಜ್ಜಿ ಬೆಂಕಿ ಕಂಡನು. ಕತ್ತಲೆಯು ಅಂಜಿಕೆಯ ತವರು, ಬೆಳಕು ತಿಳಿವಿನ ಕಣ್ಣು. ಸೂರ್ಯನು ಹಗಲಿಗೆ ದೀಪವಾದರೆ ಚಂದ್ರನು ಇರುಳಿಗೆ ದೀಪವು. ಒಟ್ಟಿನಲ್ಲಿ ಹೇಳುವುದಾದರೆ ಬೆಳಕಿಲ್ಲದೆ ಬದುಕಿಲ್ಲ. ಇಂತಿ ತಮ್ಮ ವಿಶ್ವಾಸಿ.’

ಅಷ್ಟೇ. ಬೀದಿಯ ಹೆಸರಿಲ್ಲ, ಕಂಬದ ಮಾತಿಲ್ಲ, ಬಲ್ಬು ಕೇಳಿಯೇ ಇಲ್ಲ.

ಫಲಿತಾಂಶದಲ್ಲಿ ಪಾಸಾಗಲು ಮೂರು ಅಂಕ ಕಡಿಮೆ ಬಂತು. ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿ ಮೂವರೂ ಗಡಿಯಾರದ ಬೆಂಚಿನ ಮೇಲೆ ಹರಡಿಕೊಂಡು ನೋಡಿದರು. ಪ್ರಬಂಧದ ಕೆಳಗೆ ಕೆಂಪು ಶಾಯಿ: ‘ಮನಮುಟ್ಟುವಂತಿದೆ. ಆದರೆ ಇದು ಪ್ರಬಂಧವಲ್ಲ, ಮನವಿ. ಸೊನ್ನೆ.’ ಪತ್ರದ ಕೆಳಗೆ: ‘ಸೊಗಸಾಗಿದೆ. ಆದರೆ ಇದು ಪತ್ರವಲ್ಲ, ಪ್ರಬಂಧ. ಸೊನ್ನೆ.’

ಗಂಡ ಮಸೂರ ಹಾಕಿಕೊಂಡೇ ಪತ್ರವನ್ನು ಎರಡು ಸಲ ಓದಿದ. "ಚೆನ್ನಾಗಿದೆ ಕಣೇ. ಇದನ್ನ ಓದಿದ ಅಧಿಕಾರಿ ಕಣ್ಣೀರು ಹಾಕ್ತಾನೆ. ದೀಪ ಹಾಕಲ್ಲ."

ನಾದಿನಿ ನಗಲಿಲ್ಲ. "ಎಲ್ಲಾ ಉತ್ತರಕ್ಕೂ ಪೀಠಿಕೆ ಹಾಕಿ ಅಂದಿದ್ದು ನಾನೇ ಅಲ್ವಾ" ಎಂದು ಗೋಡೆ ನೋಡುತ್ತ ಕೂತಳು. ಮೈಕಕ್ಕನಿಗೆ ಅದು ಸಹಿಸಲಾಗಲಿಲ್ಲ. ಬೈದರೆ ತಡೆದುಕೊಳ್ಳಬಲ್ಲಳು, ನಾದಿನಿ ಮೆತ್ತಗಾದರೆ ಕೈಕಾಲು ಆಡುವುದಿಲ್ಲ. "ಏಳೇ ಮಹಾರಾಯ್ತಿ, ಚಪ್ಪಲಿ ಮೆಟ್ಟಿಕೋ. ಮಂಡಳಿಗೆ ಹೋಗೋಣ."

ಮಂಡಳಿಯ ಕಚೇರಿಯಲ್ಲಿ ಮರುಮೌಲ್ಯಮಾಪನದ ಕೌಂಟರಿನ ಹಿಂದೆ ಒಬ್ಬ ಅಧಿಕಾರಿಣಿ ಇದ್ದರು. ಒಳ್ಳೆಯ ಹೆಂಗಸು, ಕೂರಲು ಕುರ್ಚಿ ಕೊಟ್ಟರು. ಎರಡೂ ಉತ್ತರ ಓದಿ ತುಟಿ ಕಚ್ಚಿ ನಗು ತಡೆದರು.

"ನೋಡಿ ಮೇಡಂ" ಎಂದಳು ಮೈಕಕ್ಕ. "ನಮ್ಮಲ್ಲಿ ಹೆರಿಗೆ ವಾರ್ಡಿನ ಗಂಟು ಮೂಳೆ ವಾರ್ಡಿಗೆ ಹೋಗ್ತದೆ, ಅವರದ್ದು ಇವರಿಗೆ ಬರ್ತದೆ. ಆಗಾಗ ಆಗೋದೇ. ಹಾಗಂತ ಎರಡೂ ಗಂಟು ಹೊಂಡಕ್ಕೆ ಎಸೀತೀವಾ? ಅದಲುಬದಲು ಮಾಡಿ ಕೊಡ್ತೀವಿ. ಪ್ರಬಂಧ ಚೆನ್ನಾಗಿದೆ ಅಂತ ನಿಮ್ಮೋರೇ ಬರ್ದಿದಾರೆ, ಮನವಿ ಚೆನ್ನಾಗಿದೆ ಅಂತಾನೂ ಬರ್ದಿದಾರೆ. ಪಟ್ಟಿ ಬದಲಾಯಿಸಿ, ಅಂಕ ಹಾಕಿ."

"ನಿಯಮ ಇಲ್ಲಮ್ಮ. ಪ್ರಶ್ನೆ ಕೇಳಿದ ಜಾಗದಲ್ಲೇ ಉತ್ತರ ಇರಬೇಕು. ಇಲ್ಲಾಂದ್ರೆ ನಾಳೆ ಗಣಿತದ ಲೆಕ್ಕಾನ ಚರಿತ್ರೆ ಪೇಪರಲ್ಲಿ ಬರೆದು ಬರ್ತಾರೆ."

ಮಾತು ತಪ್ಪೇನಲ್ಲ. ಅಧಿಕಾರಿಣಿ ದನಿ ತಗ್ಗಿಸಿದರು. "ಒಂದು ದಾರಿ ಇದೆ. ಮೂರು ಅಂಕದವರೆಗೆ ಕೃಪಾಂಕ ಕೊಡೋಕೆ ಸಮಿತಿಗೆ ಅಧಿಕಾರ ಇದೆ. ‘ಕೃಪೆ ತೋರಬೇಕಾಗಿ ಬೇಡಿಕೊಳ್ಳುತ್ತೇನೆ’ ಅಂತ ಒಂದು ಸಾಲಿನ ಅರ್ಜಿ ಕೊಟ್ಬಿಡಿ. ಆಗಿಹೋಗ್ತದೆ."

ಬಿಳಿ ಹಾಳೆ ಮುಂದೆ ಬಂತು. ಮೈಕಕ್ಕ ಪೆನ್ನು ಹಿಡಿದಳು. ಪೆನ್ನು ಕದಲಲಿಲ್ಲ.

"ಬರೀರಿ ಅತ್ತಿಗೆ. ಒಂದು ಸಾಲು."

"ಬೇಡಿಕೊಳ್ಳುತ್ತೇನೆ ಅಂದ್ರೇನೇ?"

"ಕ್ರಿಯಾಪದ."

"ಭಿಕ್ಷೆ ಅದು."

"ಅತ್ತಿಗೆ, ಗ್ಲೌಸ್ ಬೇಕೋ ಬೇಡ್ವೋ?"

ಒರಟು ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೂ ಅದೇ. ಮೈಕಕ್ಕ ತನ್ನ ಕೈ ನೋಡಿಕೊಂಡಳು. ಇಸ್ತ್ರಿಯವಳ ಕೈ ನೆನೆದಳು, ಹಿಟ್ಟು ಕಲೆಸಲೂ ಆಗದೆ ಗಂಡನ ಕೈಲಿ ಕಲೆಸಿಕೊಳ್ಳುವವಳು. ಸ್ವಾಭಿಮಾನವನ್ನು ಆ ಬೆರಳುಗಳಿಗೆ ಮುಲಾಮಿನ ಹಾಗೆ ಹಚ್ಚಲು ಬರುವುದಿಲ್ಲ. ಅಂಕ ಬೇಕು, ಯಾವ ಹೆಸರಲ್ಲಿ ಬಂದರೂ ಬೇಕು. ಇಷ್ಟು ತೀರ್ಮಾನಿಸಿ ಬರೆಯಲು ಬಗ್ಗಿದಳು. ಮನಸ್ಸು ಒಪ್ಪಿತ್ತು, ಕೈ ಮಾತ್ರ ತನ್ನ ಹಳೆಯ ಚಾಳಿಯಲ್ಲಿ ಹೊರಟಿತು:

‘ನನಗೆ ಸಲ್ಲಬೇಕಾದ ಮೂರು ಅಂಕಗಳನ್ನು ಕೂಡಲೇ ಪಾವತಿಸುವುದು. ತಾವು ಅದಕ್ಕೆ ಕೃಪೆ ಎಂದು ಹೆಸರಿಟ್ಟರೂ ನಾನು ಬಾಕಿ ಎಂದೇ ಜಮಾ ಮಾಡಿಕೊಳ್ಳುತ್ತೇನೆ.’

ನಾದಿನಿ ಹಣೆ ಹಿಡಿದುಕೊಂಡಳು. ಅಧಿಕಾರಿಣಿ ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿದರು. "ಅಮ್ಮ, ಇದು ಅರ್ಜಿ ಅಲ್ಲ."

"ಮತ್ತಿನ್ನೇನು?"

"ಇದು... ನೋಟಿಸು."

"ಪೀಠಿಕೆ ಹಾಕಿದ್ರೆ ಅರ್ಜಿ ಆಗ್ತದಾ?" ಎಂದು ಮೈಕಕ್ಕ ಕೇಳಿದ್ದು ಗೇಲಿಗಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು.

ಅಧಿಕಾರಿಣಿ ತಡೆದಿದ್ದ ನಗುವನ್ನು ಬಿಟ್ಟುಬಿಟ್ಟರು. ನಕ್ಕು, ಕಣ್ಣು ಒರೆಸಿಕೊಂಡು, ಹಾಳೆಗೆ ‘ಸ್ವೀಕರಿಸಿದೆ’ ಎಂಬ ಮೊಹರು ಒತ್ತಿದರು. ಇದು ಅರ್ಜಿಯೋ ನೋಟಿಸೋ ಸಮಿತಿಯೇ ತೀರ್ಮಾನಿಸಲಿ ಎಂದರು. ಸಮಿತಿ ಇನ್ನೂ ತೀರ್ಮಾನಿಸಿಲ್ಲ.

ಈಗ ಲಾಂಡ್ರಿಯಲ್ಲಿ ಕುರ್ಚಿ ಖಾಲಿ ಇದೆ. ಕೆಲಸ ಹಂಚುವವಳು ಮೈಕಕ್ಕ, ಯಂತ್ರ ಕೆಟ್ಟರೆ ಮೆಕ್ಯಾನಿಕ್ಕನ್ನು ಎಳೆದು ತರುವವಳು ಮೈಕಕ್ಕ. ಕೈಗವಸಿನ ಇಂಡೆಂಟಿಗೆ ಆಕೆ ಸಹಿ ಹಾಕಿ ಕಳಿಸುತ್ತಾಳೆ, ಸ್ಟೋರಿನ ಗುಮಾಸ್ತ ‘ಅಧಿಕೃತವಲ್ಲ’ ಎಂದು ಬರೆದು ವಾಪಸು ಕಳಿಸುತ್ತಾನೆ. ಆಡಳಿತಾಧಿಕಾರಿ ಈಗ ಗಡುವು ಹಾಕಿದ್ದಾನೆ, ಈ ತಿಂಗಳು ಮುಗಿದರೆ ಕುರ್ಚಿ ಅವನದು.

ಸಮಿತಿಯಲ್ಲಿ ಕೂರುವವರು ಆಕಾಶದಿಂದ ಇಳಿದವರಲ್ಲ. ನಿಮ್ಮಂತೆ ಭಾಷೆ ಕಲಿಸುವವರು, ಪಾಠ ಹೇಳುವವರು, ಇಂಥ ಬರಹ ಓದುವವರು. ಆಕೆಯ ಎರಡೂ ಉತ್ತರ ಮೇಲೆ ಅಕ್ಷರ ಬಿಡದೆ ಕೊಟ್ಟಿದೆ. ಕೆಂಪು ಪೆನ್ನು ತೆಗೆಯಿರಿ. ಪ್ರಬಂಧವನ್ನು ಪ್ರಬಂಧವೆಂದು, ಮನವಿಯನ್ನು ಮನವಿಯೆಂದು ಓದಿ, ಎಷ್ಟು ಸಲ್ಲುತ್ತದೋ ಅಷ್ಟು ಹಾಕಿ, ಕೆಳಗೆ ನಿಮ್ಮ ಹೆಸರು ಬರೆದು ತಿಂಗಳು ಮುಗಿಯುವುದರೊಳಗೆ ಮಂಡಳಿಗೆ ಕಳಿಸಿ. ಕೃಪೆ ಎಂಬ ಪದ ಮಾತ್ರ ಎಲ್ಲೂ ಬಳಸಬೇಡಿ.